ಜಗುಲಿಯ ಮೇಲೆ ಒಂದು ಗಂಟೆ

ನಮ್ಮ ಊರಿನಲ್ಲಿ ಮೂರು ಕಾಲೇಜುಗಳಿದ್ದವು. ಯಾವ ಕಾಲೇಜೂ ಯಾರನ್ನೂ ಬೇಡ ಎನ್ನುವಂತಿರಲಿಲ್ಲ, ಆರಿಸಿಕೊಳ್ಳುವುದು ಪೂರ್ತಿ ಮಕ್ಕಳ ಕೆಲಸ. ಶಾಲೆ ಮುಗಿಸಿದವರು ಬೇಸಿಗೆಯ ಕೊನೆಯ ಹದಿನೈದು ದಿನಗಳಲ್ಲಿ ಮೂರನ್ನೂ ಒಂದೊಂದು ಸಲ ನೋಡಿ ಬರಬೇಕು, ನೋಡಿದ ಮೇಲೆ ಮನಸ್ಸಿಗೆ ಬಂದ ಕಡೆ ದೊಡ್ಡ ಪುಸ್ತಕದಲ್ಲಿ ಹೆಸರು ಬರೆಸಬೇಕು. ಇಷ್ಟೇ ಆಗಿದ್ದರೆ ನನಗೆ ಹೇಳಲು ಕಥೆಯೇ ಇರುತ್ತಿರಲಿಲ್ಲ. ನೋಡಲು ಹೋಗುವಾಗ ಮನೆಯ ಹಿರಿಯರೊಬ್ಬರು ಜೊತೆಗೆ ಹೋಗಬೇಕಿತ್ತು. ಹೋದವರು ಕಾಲೇಜಿನ ಜಗುಲಿಯ ಮೇಲೆ ಕೂತು ತಾವು ದಿನಾ ಮಾಡುವ ಕೆಲಸವನ್ನೇ ಒಂದು ಗಂಟೆ ಮಾಡಬೇಕಿತ್ತು. ಮಗ ಅಥವಾ ಮಗಳು ಪಕ್ಕದಲ್ಲಿ ಕೂತಿರಬೇಕು. ಗಂಟೆ ಮುಗಿದ ಮೇಲೆಯೇ ಒಳಗಿನ ಕೋಣೆಗಳನ್ನು ತೋರಿಸಲು ಕರೆಯುತ್ತಿದ್ದರು.

ಹೊರ ಊರಿನವರು ಕೇಳಿದರೆ ನಗುತ್ತಿದ್ದರು. ನಮಗೆ ಅದು ಹೆಣ್ಣು ನೋಡುವ ಶಾಸ್ತ್ರದಷ್ಟೇ ಸಹಜವಾಗಿತ್ತು. ದರ್ಜಿಗಳು ಹೊಲಿಗೆ ಯಂತ್ರವನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಬಂದರೆ ಹಳೆಯ ವಿದ್ಯಾರ್ಥಿಗಳು ಹರಿದ ಅಂಗಿಗಳನ್ನು ಹಿಡಿದು ಸಾಲು ನಿಲ್ಲುತ್ತಿದ್ದರು. ಹಾಲಿನವರು ಎಮ್ಮೆಯನ್ನೇ ಹೊಡೆದುಕೊಂಡು ಬರುತ್ತಿದ್ದರು, ಎಮ್ಮೆ ಜಗುಲಿ ಹತ್ತಲು ಒಪ್ಪದೆ ಕೆಳಗೇ ನಿಂತರೂ ನಡೆಯುತ್ತಿತ್ತು. ಒಬ್ಬ ಬಸ್ ಕಂಡಕ್ಟರು ಜಗುಲಿಯ ಈ ತುದಿಯಿಂದ ಆ ತುದಿಗೆ ‘ಒಳಗೆ ಹೋಗಿ, ಒಳಗೆ ಹೋಗಿ’ ಎನ್ನುತ್ತಾ ಒಂದು ಗಂಟೆ ಓಡಾಡಿದರಂತೆ. ಇಸ್ಪೀಟು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದ ಅಪ್ಪನೊಬ್ಬ ಎಲೆ ಹರಡಿಕೊಂಡು ಕೂತಾಗ ಪ್ರಿನ್ಸಿಪಾಲರೇ ಎದುರು ಕೂತು ಮೂರು ಆಟ ಸೋತರು ಎಂದು ಊರೆಲ್ಲ ಹೇಳುತ್ತಿತ್ತು. ಡಾಕ್ಟರ ಮಕ್ಕಳು, ಮೇಷ್ಟರ ಮಕ್ಕಳು ಬೇಸಿಗೆ ಯಾವಾಗ ಬಂದೀತು ಎಂದು ಕಾಯುತ್ತಿದ್ದರು. ನಾನು ಐದನೇ ತರಗತಿಯಿಂದಲೇ ಆ ದಿನಕ್ಕೆ ಹೆದರಿಕೊಂಡು ಬೆಳೆದವಳು.

ನನ್ನ ಅವ್ವ ಮಾರಕ್ಕ ತಲೆಗೂದಲು ಕೊಳ್ಳುವವಳು. ಹೆಂಗಸರು ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲೋ ಹಳೆ ಡಬ್ಬಿಯಲ್ಲೋ ತುರುಕಿ ಇಡುತ್ತಾರಲ್ಲ, ಅದನ್ನು ತೂಗಿ ತೆಗೆದುಕೊಂಡು ಬದಲಿಗೆ ಸ್ಟೀಲಿನ ಲೋಟ, ಬಟ್ಟಲು, ಸೌಟು ಕೊಡುವುದು ಅವಳ ಕಸುಬು. ಬೆಳಿಗ್ಗೆ ಬುಟ್ಟಿ ಹೊತ್ತು ಬೀದಿ ಬೀದಿ ಕೂಗುತ್ತಾ ಹೋಗುವುದು. ಸಂಜೆ ಮನೆಯಲ್ಲಿ ಕೂತು ಸಿಕ್ಕು ಬಿಡಿಸಿ, ಉದ್ದ ನೋಡಿ ಬೇರೆ ಬೇರೆ ಕಟ್ಟುವುದು. ವಾರಕ್ಕೊಮ್ಮೆ, ಜಡೆಗೆ ಸೇರಿಸಿಕೊಳ್ಳುವ ಚವುರಿ ಮಾಡುವವರು ಬಂದು ಕಟ್ಟುಗಳನ್ನು ಒಯ್ಯುತ್ತಿದ್ದರು. ಅಪ್ಪ ನಾನು ಮೂರು ವರ್ಷದವಳಿದ್ದಾಗಲೇ ತೀರಿಕೊಂಡಿದ್ದ. ಆಮೇಲೆ ನಾನು ತಿಂದ ಅನ್ನ, ಉಟ್ಟ ಬಟ್ಟೆ, ಬರೆದ ಪುಸ್ತಕ ಎಲ್ಲವೂ ಊರ ಹೆಂಗಸರ ತಲೆಯಿಂದ ಉದುರಿದ್ದು. ಶಾಲೆಯಲ್ಲಿ ಇದು ಗುಟ್ಟೇನೂ ಆಗಿರಲಿಲ್ಲ. ಆದರೆ ಎಲ್ಲರಿಗೂ ಗೊತ್ತಿರುವುದು ಬೇರೆ, ಜಗುಲಿಯ ಮೇಲೆ ಕೂರಿಸಿ ತೋರಿಸುವುದು ಬೇರೆ ಎಂದು ನಾನು ಅಂದುಕೊಂಡಿದ್ದೆ.

ನನ್ನ ಮನಸ್ಸು ಮೊದಲಿನಿಂದಲೂ ಮೂರರಲ್ಲಿ ಗಡಿಯಾರದ ಗೋಪುರವಿದ್ದ ಕಾಲೇಜಿನ ಮೇಲೆ ನೆಟ್ಟಿತ್ತು. ಏಳನೇ ತರಗತಿಯಲ್ಲಿದ್ದಾಗ ಅಲ್ಲಿಂದ ಅಂಬುಜಾಕ್ಷಿ ಮೇಡಂ ಎಂಬವರು ನಮ್ಮ ಶಾಲೆಗೆ ಸೂಕ್ಷ್ಮದರ್ಶಕ ತಂದು ಈರುಳ್ಳಿ ಸಿಪ್ಪೆಯನ್ನು ತೋರಿಸಿದ್ದರು. ನಾನು ನೋಡಿ, ಸಾಲಿನ ಹಿಂದಕ್ಕೆ ಹೋಗಿ ನಿಂತು, ಮತ್ತೆ ನೋಡಿ, ಮೂರನೆಯ ಸಲ ಸಿಕ್ಕಿಬಿದ್ದೆ. ಮೇಡಂ ಬೈಯಲಿಲ್ಲ. ಎಲ್ಲರದೂ ಮುಗಿದ ಮೇಲೆ ಬಾ, ಎಷ್ಟು ಹೊತ್ತು ಬೇಕಾದರೂ ನೋಡು ಎಂದರು. ಅವತ್ತಿನಿಂದ ಜೀವಶಾಸ್ತ್ರ ಬಿಟ್ಟರೆ ನನಗೆ ಬೇರೆ ಓದು ಬೇಡವಾಗಿತ್ತು. ಸೂಕ್ಷ್ಮದರ್ಶಕಗಳು ಇದ್ದದ್ದು ಆ ಒಂದು ಕಾಲೇಜಿನಲ್ಲಿ ಮಾತ್ರ. ಉಳಿದೆರಡನ್ನು ನಾನು ನೋಡಬೇಕಾದದ್ದು ಶಾಸ್ತ್ರಕ್ಕೆ ಅಷ್ಟೆ.

ಗಡಿಯಾರದ ಕಾಲೇಜಿಗೆ ಹೋಗುವ ದಿನ ಅವ್ವ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ತುರುಬು ಕಟ್ಟಿದಳು, ತಕ್ಕಡಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ದಾರಿಯಲ್ಲಿ ನಾನು ಬೇಡಿಕೊಂಡದ್ದು ಒಂದೇ, ಕೂಗಬೇಡ, ಸುಮ್ಮನೆ ಕೂತು ಸಿಕ್ಕು ಬಿಡಿಸು ಎಂದು. ಅವಳು ಹೂಂ ಎಂದಳು. ಜಗುಲಿಯ ಮೇಲೆ ಕೂತು ಸ್ವಲ್ಪ ಹೊತ್ತು ಕೈ ಕಟ್ಟಿಕೊಂಡು ಅತ್ತಿತ್ತ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಕೂಗ್ದೆ ಕೆಲ್ಸ ಹೆಂಗೆ ಸುರುವಾಯ್ತದೆ ಇಂದ್ರಿ, ಕೈಯೇ ಬರಾಕಿಲ್ಲ ಕಣವ್ವ” ಎಂದು ಮೆಲ್ಲಗೆ ಹೇಳಿ, ತಲೆಯೆತ್ತಿ ಕೂಗಿಯೇ ಬಿಟ್ಟಳು. ಉದುರಿದ ಕೂದಲು ಕೊಡ್ರವ್ವಾ, ಪಾತ್ರೆ ತಕ್ಕಳ್ರವ್ವಾ. ಕಲ್ಲಿನ ಕಟ್ಟಡ ಅದು. ಕೂಗು ಮೂರು ಮಹಡಿಗೂ ಹೋಗಿ ತಿರುಗಿ ಬಂತು.

ಕಿಟಕಿಗಳು ತೆರೆದುಕೊಂಡವು. ಹುಡುಗಿಯರು ನಗುತ್ತಾ ಇಳಿದು ಬಂದರು, ಹಾಸ್ಟೆಲಿನವರು ಓಡಿ ಹೋಗಿ ಬಾಚಣಿಗೆಯ ಕೂದಲು ತಂದರು. ಅವ್ವ ಒಂದೊಂದೇ ಉಂಡೆಯನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ತಕ್ಕಡಿಗೆ ಹಾಕುತ್ತಿದ್ದಳು. ತೆಳ್ಳಗಿನ ಒಬ್ಬ ಹುಡುಗಿಯ ಉಂಡೆಯನ್ನು ಕೈಯಲ್ಲೇ ಇಟ್ಟುಕೊಂಡು, “ಇದು ಉದ್ರಿದ್ದಲ್ಲ ಮಗ, ಮುರಿದಿರೋದು. ನಿಂಗೆ ರಕ್ತ ಕಮ್ಮಿ ಐತೆ, ಸೊಪ್ಪು ತಿನ್ನು” ಎಂದಳು. ಅಷ್ಟರಲ್ಲಿ ಅಂಬುಜಾಕ್ಷಿ ಮೇಡಂ ಬಂದಿದ್ದರು. ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಬುಡದಲ್ಲಿ ಬಿಳಿ ಚುಕ್ಕಿ ಇದ್ದರೆ ಉದುರಿದ್ದು, ಇಲ್ಲದಿದ್ದರೆ ಮುರಿದದ್ದು ಎಂದು ಅವ್ವ ತೋರಿಸಿದಳು. ಮೇಡಂ ಏನು ಮಾಡಿದರು ಗೊತ್ತೆ, ಒಳಗೆ ಹೋಗಿ ಸೂಕ್ಷ್ಮದರ್ಶಕವನ್ನು ತಾವೇ ಎತ್ತಿಕೊಂಡು ಬಂದು ಜಗುಲಿಯ ಮೇಲೆ, ತಕ್ಕಡಿಯ ಪಕ್ಕದಲ್ಲಿ ಇಟ್ಟರು. ಒಂದು ಕೂದಲನ್ನು ಗಾಜಿನ ಮೇಲಿಟ್ಟು, ಅವ್ವನಿಗೆ ಒಂದು ಕಣ್ಣು ಮುಚ್ಚಿ ನೋಡುವುದನ್ನು ಹೇಳಿಕೊಟ್ಟರು. ಅವ್ವ ಬಹಳ ಹೊತ್ತು ನೋಡಿದಳು. ತಲೆ ಎತ್ತದೆಯೇ ನನ್ನನ್ನು ಕರೆದಳು, “ಇಂದ್ರಿ, ಬಾರೆ, ನೋಡ್ಬಾ. ಕೂದ್ಲ ಒಳಗೊಂದು ದಾರಿ ಐತೆ.”

ನಾನು ಹೋಗಲಿಲ್ಲ. ಕಂಬದ ಹತ್ತಿರ ಎರಡು ಜಡೆಯ ಹುಡುಗಿಯೊಬ್ಬಳು ಅವ್ವನ ಕೂಗನ್ನು ಅಣಕಿಸಿದ್ದು ನನ್ನ ಕಿವಿಗೆ ಬಿದ್ದಿತ್ತು. ಗೆಳತಿಯರು ಕಿಸಕ್ಕೆಂದು ನಕ್ಕಿದ್ದರು. ಅವ್ವನಿಗೂ ಕೇಳಿಸಿತು, ಅವಳೂ ನಕ್ಕಳು, ಹಂಗಲ್ಲ ಮಗ, ಕೊನೆಗೆ ಎಳೀಬೇಕು ಎಂದು ತಿದ್ದಿದಳು. ಹುಡುಗಿ ತಿದ್ದಿಕೊಂಡು ಮತ್ತೆ ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ನೆನೆಸಿಕೊಂಡರೆ ಅಲ್ಲಿ ಯಾರೂ ಅವ್ವನನ್ನು ಹೀಯಾಳಿಸಿರಲಿಲ್ಲ, ಆ ಗಂಟೆಯನ್ನು ಅವರೆಲ್ಲ ಸಂತೋಷದಿಂದ ಕಳೆದಿದ್ದರು. ಆದರೆ ನನಗೆ ಅವತ್ತು ಕಂಡದ್ದು ಇಷ್ಟೇ: ನಾನು ಇಲ್ಲಿ ಸೇರಿದರೆ ಮೂರು ವರ್ಷವೂ ಕೂದಲಿನವಳ ಮಗಳು. ನೆಲದ ಕಲ್ಲುಗಳನ್ನು ಎಣಿಸುತ್ತಾ ಕೂತೆ. ಗಂಟೆ ಮುಗಿದು ಒಳಗೆ ಕರೆದುಕೊಂಡು ಹೋದಾಗ, ನಾನು ಏಳನೇ ತರಗತಿಯಿಂದ ಕನಸು ಕಂಡಿದ್ದ ಕೋಣೆಯನ್ನು ಬಾಗಿಲಲ್ಲೇ ನಿಂತು ನೋಡಿ ಬಂದೆ. ಬರುತ್ತೀಯಲ್ಲ ಎಂದು ಮೇಡಂ ಕೇಳಿದರು. ನೋಡುತ್ತೇನೆ ಎಂದೆ. ನನ್ನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಅವರಿಗಿಂತ ನನಗೇ ಹೆಚ್ಚು ಆಶ್ಚರ್ಯವಾಯಿತು.

ಅವ್ವ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು. ಇಷ್ಟು ವರ್ಷ ಮುಟ್ಟಿದ ವಸ್ತುವಿನೊಳಗೆ ಏನಿದೆ ಎಂದು ಇವತ್ತು ಗೊತ್ತಾಯಿತು, ಮಗಳು ದಿನಾ ಅದನ್ನು ನೋಡುತ್ತಾಳಲ್ಲ ಎಂದಳು. ಅವಳ ಪಾಲಿಗೆ ಕಾಲೇಜು ಅವತ್ತೇ ನಿಶ್ಚಯವಾಗಿತ್ತು. ನಾನು ಮಿಕ್ಕ ಎರಡನ್ನೂ ನೋಡಲೇಬೇಕು, ಅದು ನಿಯಮ ಎಂದೆ.

ಎರಡನೆಯದು ಕೆರೆ ದಂಡೆಯ ಕಾಲೇಜು. ಅಲ್ಲಿನವರು ಕೂದಲೆಂದರೆ ಅಸಹ್ಯಪಡುತ್ತಾರಂತೆ ಎಂದು ನಾನು ಅವ್ವನಿಗೆ ಸುಳ್ಳು ಹೇಳಿದೆ, ಅಲ್ಲಿ ಹೂ ಕಟ್ಟುವವಳೆಂದು ಕೂತುಕೋ ಎಂದೆ. ಅವಳು ಹೂವಿಲ್ಲದ ತುರುಬನ್ನು ಒಮ್ಮೆ ಮುಟ್ಟಿಕೊಂಡು, ಸರಿ ಎಂದಳು. ಅಪ್ಪ ಹೋದ ಮೇಲೆ ಅವಳು ಹೂ ಮುಟ್ಟಿದ್ದನ್ನೇ ನಾನು ನೋಡಿರಲಿಲ್ಲ. ಅದು ನನಗೆ ಹೊಳೆಯದೆ ಹೋಯಿತು ಎಂದು ಹೇಳಿದರೆ ನೀವು ನಂಬಬಹುದು, ಆದರೆ ಹೊಳೆದಿತ್ತು. ಜಗುಲಿಯ ಮೇಲೆ ಬಾಳೆ ನಾರು, ಮಲ್ಲಿಗೆ ಮೊಗ್ಗು ಹರವಿಕೊಂಡು ಕೂತ ಅವಳ ಕೈಗೆ ಕಟ್ಟುವುದು ಬಗೆಹರಿಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಮೊಗ್ಗುಗಳನ್ನು ಉದ್ದ ನೋಡಿ ಬೇರೆ ಮಾಡತೊಡಗಿದವು. ಉದ್ದ ತೊಟ್ಟಿನವು ಒಂದು ಕಡೆ, ಗಿಡ್ಡ ತೊಟ್ಟಿನವು ಇನ್ನೊಂದು ಕಡೆ. ಹೋಗಿ ಬರುವವರು ನೋಡಿ, ಮರ್ಯಾದೆಗೆ ಏನೂ ಅನ್ನದೆ ಹೋದರು. ಗಂಟೆ ಮುಗಿದಾಗ ಒಂದು ಮೊಳದ ಮಾಲೆ ಇತ್ತು, ಎತ್ತಿದರೆ ಅರ್ಧ ಉದುರಿತು. ಅಲ್ಲಿನ ಕಾವಲುಗಾರ, ಕೈ ನೋವಾಗಿದೆಯೇನವ್ವ ಎಂದು ಕೇಳಿದ. ಅವ್ವ ಹೌದೆಂದಳು. ಆ ಕಾಲೇಜಿನ ಒಳಗೆ ಏನೇನಿತ್ತು ಎಂಬುದು ನನಗೆ ಒಂದಿಷ್ಟೂ ನೆನಪಿಲ್ಲ.

ಮೂರನೆಯ ಕಾಲೇಜು ಹೊಳೆಯಾಚೆ. ಆ ಕಡೆಯ ಬೀದಿಗಳಲ್ಲಿ ಕೂದಲು ಕೊಳ್ಳಲು ಬೇರೆಯವರಿದ್ದರು, ಅವ್ವ ಸೇತುವೆ ದಾಟುತ್ತಿರಲಿಲ್ಲ. ಅಲ್ಲಿ ಕಲಿಸುತ್ತಿದ್ದದ್ದು ಟೈಪಿಂಗು, ಜಮಾಖರ್ಚು, ಕಚೇರಿ ಪತ್ರವ್ಯವಹಾರ. ಒಂದು ಕಪ್ಪೆಯ ಚಿತ್ರವೂ ಆ ಕಟ್ಟಡದಲ್ಲಿ ಇರಲಿಲ್ಲ. ಹಾಗಿದ್ದರೂ ನಾನು ಒಂದು ವಾರ ರಾತ್ರಿ ಹಗಲು ಯೋಚಿಸಿದ್ದು ಆ ಕಾಲೇಜನ್ನೇ. ಅಲ್ಲಿ ಅವ್ವನನ್ನು ಯಾರೂ ನೋಡಿರಲಿಲ್ಲ. ನೋಡದ ಹಾಗೆ ಮಾಡುವುದು ಇನ್ನೂ ನನ್ನ ಕೈಯಲ್ಲಿತ್ತು.

ಹೊಳೆಯಾಚೆಯವರ ಪದ್ಧತಿಯೇ ಬೇರೆ, ಅಲ್ಲಿ ಹಿರಿಯರು ಬರಬೇಕಾಗಿಲ್ಲವಂತೆ ಎಂದು ಅವ್ವನಿಗೆ ಹೇಳಿದೆ. ಅವಳು ಆಗಲೇ ಸೀರೆ ಒಗೆದು ಹಾಕಿದ್ದಳು. ಹೌದಾ ಎಂದು ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಚನ್ನವೀರಯ್ಯನವರು ಎಂಬ ಟೈಪಿಸ್ಟ್ ಇದ್ದರು. ತಾಲ್ಲೂಕು ಕಚೇರಿಯ ಮುಂದೆ ಮರದ ಕೆಳಗೆ ಕೂತು ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುವವರು, ಬಿಳಿ ಪಂಚೆ, ಹಣೆಯ ತುಂಬ ವಿಭೂತಿ, ಯಾರನ್ನೂ ಏಕವಚನದಲ್ಲಿ ಮಾತಾಡಿಸದ ಮನುಷ್ಯ. ಅವ್ವನಿಗೆ ಜ್ವರ, ನನ್ನ ಜೊತೆ ಬನ್ನಿ ಎಂದು ಅವರನ್ನು ಕೇಳಿಕೊಂಡೆ. ಪಾಪ, ಯಂತ್ರವನ್ನು ಹೊದಿಕೆಯಲ್ಲಿ ಸುತ್ತಿ, ಸೇತುವೆಯ ಮೇಲೆ ಎರಡು ಕಡೆ ನಿಂತು ಸುಧಾರಿಸಿಕೊಂಡು ಬಂದರು.

ಜಗುಲಿಯ ಮೇಲೆ ಅವರಿಗೆ ಮೇಜು ಕೊಟ್ಟರು. ಅವರು ಕಾಗದ ಸಿಕ್ಕಿಸುತ್ತಿರುವಾಗ ಗುಮಾಸ್ತೆ ಹೆಂಗಸು ದೊಡ್ಡ ಪುಸ್ತಕ ತೆರೆದು ನನ್ನನ್ನು ಕೇಳಿದರು, ಇವರು ನಿನಗೆ ಏನಾಗಬೇಕು ಎಂದು. ಪಕ್ಕದ ಮನೆಯ ಹಿರಿಯರು ಎಂದೆ. ತಂದೆ ಎಲ್ಲಿ ಎಂದರು. ಇಲ್ಲವೆಂದು ಹೇಳಿದೆ, ಅದು ನಿಜವೇ ಆಗಿತ್ತು. ತಾಯಿಗೆ ಹುಷಾರಿಲ್ಲ ಎಂದದ್ದಕ್ಕೆ ಅವರು ಪುಸ್ತಕ ಮುಚ್ಚಿದರು.

“ಹುಷಾರಾದ್ಮೇಲೆ ಕರ್ಕೊಂಡು ಬಾಮ್ಮ. ತಾಯಿ ಇದ್ರೆ ತಾಯೀನೇ ಬರಬೇಕು. ಇನ್ನೂ ನಾಲ್ಕು ದಿನ ಇದೆಯಲ್ಲ.”

ನಾನು ಮುಚ್ಚಿದ ಪುಸ್ತಕವನ್ನು ನೋಡಿದೆ. ಆಮೇಲೆ, “ಅವ್ವ ತೀರ್ಕೊಂಡಿದಾರೆ. ಹೋದ ವರ್ಷ” ಎಂದೆ.

ಅಷ್ಟು ಸುಲಭವಾಗಿ ಬಂತು ಮಾತು. ನಾಲಿಗೆ ತಡವರಿಸಲಿಲ್ಲ, ಕಣ್ಣಲ್ಲಿ ನೀರು ಕೂಡ ಬಂತು, ಅದು ಯಾಕೆ ಬಂತೋ ಆ ದೇವರಿಗೇ ಗೊತ್ತು. ಗುಮಾಸ್ತೆ ಎದ್ದು ಬಂದು ನನ್ನ ತಲೆ ಸವರಿದರು, ಮೊದಲು ಹುಷಾರಿಲ್ಲ ಎಂದು ಹೇಳಿದ್ದಕ್ಕೆ ಹೇಳಲಾಗದ ದುಃಖವೇ ಕಾರಣವೆಂದು ಅವರೇ ಅರ್ಥ ಮಾಡಿಕೊಂಡರು. ಮನೆ ಎಲ್ಲಿ ಎಂದು ಕೇಳಿದಾಗ ನಾನು ಯೋಚಿಸದೆ ಸರಿಯಾದ ಬೀದಿಯನ್ನೇ ಹೇಳಿದೆ. ಚನ್ನವೀರಯ್ಯನವರ ಕೈ ಯಂತ್ರದ ಮೇಲೆ ನಿಂತುಬಿಟ್ಟಿತ್ತು. ನಾನು ಅವರ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಟಕ ಟಕ ಶುರುವಾಯಿತು. ಒಂದು ಗಂಟೆ ಒಂದೇ ಸಮನೆ ಟೈಪ್ ಮಾಡಿದರು. ಹಳೆಯ ವಿದ್ಯಾರ್ಥಿಗಳು ಬಂದು ಅವರ ವೇಗ ನೋಡಿ ಮೆಚ್ಚಿದರು, ನಿಮ್ಮವರೇ ಎಂದು ನನ್ನನ್ನು ಕೇಳಿದರು. ನಾನು ಜೀವನದಲ್ಲಿ ಮೊದಲ ಸಲ ಜಗುಲಿಯ ಮೇಲೆ ತಲೆಯೆತ್ತಿ ಕೂತಿದ್ದೆ. ಅವತ್ತೇ ಹೆಸರು ಬರೆಸಿಬಿಟ್ಟೆ.

ವಾಪಸು ಬರುವಾಗ ಸೇತುವೆಯ ನಡುವೆ ಅವರು ಯಂತ್ರವನ್ನು ಕಟ್ಟೆಯ ಮೇಲಿಟ್ಟು ನಿಂತರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. “ನಿಮ್ಮ ತಾಯಿಯವರಿಗೆ ನಾನು ಹೇಳೋದಿಲ್ಲ. ಬೇರೆಯವರ ಬಾಯಿಂದ ಕೇಳೋ ಮಾತಲ್ಲ ಅದು. ನೀವೇ ಹೇಳಿ” ಎಂದರು. ನಾನು ಹೂಂ ಎಂದೆ. ಮನೆಗೆ ಬಂದು, ಹೊಳೆಯಾಚೆಯ ಕಾಲೇಜು ಹಿಡಿಸಿತು, ಅಲ್ಲೇ ಹೆಸರು ಬರೆಸಿದೆ ಎಂದಷ್ಟೇ ಹೇಳಿದೆ. ಅವ್ವ ಸಿಕ್ಕು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಅಲ್ಲಿ ಇನ್ನೂ ಚೆನ್ನಾಗಿರುತ್ತೇನೋ ಬಿಡು, ನೀನು ಓದಿದವಳು ಎಂದಳು. ಅವಳು ಒಪ್ಪಿಕೊಂಡ ರೀತಿಗೆ ನನಗೆ ಅವಳ ಮೇಲೇ ಸಿಟ್ಟು ಬಂತು.

ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಮೊದಲ ದಿನ ಎಲ್ಲ ಮಕ್ಕಳೂ ತಾಯಿ ಕಟ್ಟಿಕೊಟ್ಟ ಬುತ್ತಿ ತಂದು ಒಟ್ಟಿಗೆ ಉಣ್ಣುವುದು ಹೊಳೆಯಾಚೆಯ ಕಾಲೇಜಿನ ವಾಡಿಕೆ. ತಾಯಿ ಇಲ್ಲದವರಿಗೆ ಕಾಲೇಜೇ ಬುತ್ತಿ ಕಟ್ಟುತ್ತಿತ್ತು. ಅದೂ ಹೇಗೆಂದರೆ, ಎರಡನೇ ವರ್ಷದ ಹುಡುಗಿಯರು ಆ ಮಗುವಿನ ಮನೆಗೆ ಹೋಗಿ, ತೀರಿಕೊಂಡ ತಾಯಿ ಯಾವ ಅಡಿಗೆ ಮಾಡುತ್ತಿದ್ದಳು ಎಂದು ಮನೆಯವರನ್ನೋ ನೆರೆಯವರನ್ನೋ ಕೇಳಿ ತಿಳಿದುಕೊಂಡು, ಅದನ್ನೇ ಮಾಡಿಸುತ್ತಿದ್ದರು.

ಗುರುವಾರ ಸಂಜೆ ಅವರು ನಮ್ಮ ಮನೆಗೆ ಬಂದರು. ನಾನೂ ಅವ್ವನೂ ನಡುಮನೆಯಲ್ಲಿ ಕೂತು ಸಿಕ್ಕು ಬಿಡಿಸುತ್ತಿದ್ದೆವು. ಹೊರಗೆ, ಇದು ಇಂದ್ರಾಣಿಯ ಮನೆಯೇ ಎಂದು ಯಾರೋ ಕೇಳಿದ್ದು ಕೇಳಿಸಿತು. ಅವ್ವ ಎದ್ದು ಬಾಗಿಲಿಗೆ ಹೋದಳು. ನಾನು ಬಾಗಿಲ ಹಿಂದಿನ ಗೋಡೆಗೆ ಒರಗಿ ಕೂತಿದ್ದೆ, ಅವರಿಗೆ ಕಾಣುತ್ತಿರಲಿಲ್ಲ. ಒಬ್ಬ ಹುಡುಗಿ ಬಹಳ ಮೆಲ್ಲನೆಯ ದನಿಯಲ್ಲಿ ಹೇಳಿದಳು, ನಾವು ಹೊಳೆಯಾಚೆಯ ಕಾಲೇಜಿನವರು, ಇಂದ್ರಾಣಿಯ ತಾಯಿ ಹೋದ ವರ್ಷ ತೀರಿಕೊಂಡರಂತೆ, ಅವರ ವಿಷಯ ಕೇಳಿಕೊಂಡು ಹೋಗೋಣ ಎಂದು ಬಂದೆವು ಎಂದು.

ನನ್ನ ಮಡಿಲ ತುಂಬ ಕೂದಲು. ಎದ್ದು ಹೋಗಿ, ಇವಳೇ ನನ್ನ ಅವ್ವ ಎನ್ನಲು ಎರಡು ಹೆಜ್ಜೆ ಸಾಕಾಗಿತ್ತು. ಹೊಸಿಲ ಮೇಲೆ ಅವ್ವನ ಬೆನ್ನು ಕಾಣುತ್ತಿತ್ತು. ಅವಳು ಚೌಕಟ್ಟಿಗೆ ಕೈಯಿಟ್ಟಳು. ಆ ಕ್ಷಣದಲ್ಲಿ ಅವಳು ತಿರುಗಿ ನನ್ನನ್ನು ನೋಡಿದ್ದರೆ ನಾನು ಏನು ಮಾಡುತ್ತಿದ್ದೆನೋ. ಅವಳು ತಿರುಗಲಿಲ್ಲ.

“ಇಂದ್ರಾಣಿ ಮನೇಲಿಲ್ಲ ಕಣವ್ವ, ಅಂಗಡೀಗೆ ಹೋಗವ್ಳೆ. ನಾನು ಪಕ್ಕದ್ಮನೇವಳು” ಎಂದಳು.

ಹುಡುಗಿಯರು ಹಾಗಾದರೆ ನಿಮಗೆ ಅವರು ಚೆನ್ನಾಗಿ ಗೊತ್ತಿರಬೇಕಲ್ಲ ಎಂದರು. ಗೊತ್ತು ಎಂದಳು ಅವ್ವ, ಚಿಕ್ಕಂದಿನಿಂದ ಗೊತ್ತು. ಬುತ್ತಿಯ ವಿಷಯ ಹೇಳಿ, ಅವರು ಮಗಳಿಗೆ ಏನು ಮಾಡಿಕೊಡುತ್ತಿದ್ದರು ಎಂದು ಕೇಳಿದರು. ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ನನಗೆ ಏನೇನು ಇಷ್ಟ ಎಂದು ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ. “ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡ್ತಿದ್ಲು. ಬೇರೆ ಏನೂ ಅಂಥಾ ಚೆನ್ನಾಗಿ ಬರ್ತಿರಲಿಲ್ಲ ಅವ್ಳಿಗೆ. ಬೆಳಿಗ್ಗೆ ಎದ್ರೆ ಬೀದಿಗೆ ಹೋಗೋಳು, ಟೈಮೆಲ್ಲಿರದು” ಎಂದಳು. ಹುಚ್ಚೆಳ್ಳು ಚಟ್ನಿ ನಮ್ಮ ಅಡಿಗೆಯವರಿಗೆ ಬರುವುದಿಲ್ಲ, ನಿಮಗೆ ಬರುತ್ತದೆಯೇ ಎಂದು ಒಬ್ಬಳು ಸಂಕೋಚದಿಂದಲೇ ಕೇಳಿದಳು. ಬರುತ್ತೆ, ಸೋಮವಾರ ಬೆಳಿಗ್ಗೆ ಬನ್ನಿ, ಕಟ್ಟಿ ಇಟ್ಟಿರುತ್ತೇನೆ ಎಂದು ಅವ್ವ ಒಪ್ಪಿಕೊಂಡಳು. ಹೋಗುವಾಗ ಒಬ್ಬಳು ನನಗೆ ಕೇಳಿಸದಷ್ಟು ಮೆಲ್ಲಗೆ ಏನೋ ಕೇಳಿದಳು, ಅವ್ವ ಏನೋ ಹೇಳಿದಳು, ಅವರು ಕೈ ಮುಗಿದರು. ಬೀದಿಯ ತಿರುವಿನವರೆಗೂ ಅವರನ್ನು ನೋಡುತ್ತಾ ನಿಂತಿದ್ದು ಅವ್ವ ಒಳಗೆ ಬಂದಳು.

ಬಂದವಳು ತನ್ನ ಜಾಗದಲ್ಲಿ ಕೂತು, ಬಿಟ್ಟ ಉಂಡೆಯನ್ನು ಎತ್ತಿಕೊಂಡಳು. ಅವಳೇ ಕೇಳಿದಳು, ಕೋಪವಿಲ್ಲದ ದನಿಯಲ್ಲಿ, ಏನೋ ತಿಳಿದುಕೊಳ್ಳಬೇಕು ಎನ್ನುವ ಹಾಗೆ.

“ಆ ಕಾಲೇಜಲ್ಲೂ ಆ ಗಾಜಿನ ಯಂತ್ರ ಐತಾ?”

“ಇಲ್ಲ.”

“ಅದುಕ್ಕಿಂತ ದೊಡ್ಡದೇನಾರ ಓದಿಸ್ತಾರಾ?”

“ಇಲ್ಲವ್ವ.”

ಅವಳು ತಲೆಯಾಡಿಸಿದಳು. ತನ್ನನ್ನು ಸಾಯಿಸಿದ್ದಕ್ಕೆ ಮಗಳಿಗೆ ಏನಾದರೂ ಸಿಕ್ಕಿದೆಯೇ ಎಂದು ಅವಳು ಕೇಳುತ್ತಿದ್ದಳು, ಏನೂ ಸಿಕ್ಕಿಲ್ಲ ಎಂದು ನಾನು ಹೇಳಿದ್ದೆ. ನಾನು ಅಳಲು ಶುರು ಮಾಡಿದಾಗ ಅವಳು, ಕೂದಲು ನೆನೆದರೆ ಸಿಕ್ಕು ಬಿಗಿಯಾಗುತ್ತೆ, ಆ ಕಡೆ ತಿರುಗಿಕೋ ಎಂದಳು. ಬಹಳ ಹೊತ್ತಿನ ಮೇಲೆ, “ಒಳ್ಳೆ ಹುಡುಗೀರು. ಹೋಗೋವಾಗ ಕೇಳಿದ್ರು, ಅವ್ರಮ್ಮ ಹೆಂಗಿದ್ರು ಅಂತ. ಒಳ್ಳೇವಳು ಅಂತಾನೇ ಹೇಳಿದೀನಿ” ಎಂದಳು.

ಹೆಸರು ಹೊಡೆದುಹಾಕಿಸಿ ಬೇರೆ ಕಡೆ ಬರೆಸಲು ಶನಿವಾರದವರೆಗೆ ಅವಕಾಶವಿತ್ತು. ಅವ್ವನೇ ಅದನ್ನು ಎತ್ತಿದಳು. ಗಡಿಯಾರದ ಕಾಲೇಜಿಗೆ ಹೋಗು, ನಾನು ಆ ಕಡೆ ಬೀದಿಗೆ ಇನ್ನು ಬರುವುದಿಲ್ಲ, ಬೇಕಾದರೆ ಕೂಗುವುದನ್ನೇ ಬಿಡುತ್ತೇನೆ ಎಂದಳು. ಅವಳು ಹಾಗೆ ಹೇಳಿದಾಗ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಹೆಸರು ಹೊಡೆದುಹಾಕಿಸಬೇಕಾದರೆ ಮನೆಯ ಹಿರಿಯರನ್ನು ಕರೆದುಕೊಂಡು ಹೊಳೆಯಾಚೆಯ ಜಗುಲಿಗೆ ಹೋಗ‍ಬೇಕಿತ್ತು. ಚನ್ನವೀರಯ್ಯನವರನ್ನು ಮತ್ತೆ ಕರೆಯುವ ಮುಖ ನನಗಿರಲಿಲ್ಲ. ತಲೆ ಸವರಿದ ಆ ಗುಮಾಸ್ತೆಯ ಮುಂದೆ, ಕೈ ಮುಗಿದು ಹೋದ ಆ ಹುಡುಗಿಯರ ಮುಂದೆ, ಇವಳೇ ತೀರಿಕೊಂಡ ನನ್ನ ಅವ್ವ ಎಂದು ನಿಲ್ಲಿಸಬೇಕಿತ್ತು. ಮೊದಲು ನಾಚಿಕೆಪಟ್ಟದ್ದು ಅವ್ವನ ಬುಟ್ಟಿಗೆ, ಈಗ ನಾಚಿಕೆಪಡಬೇಕಾದದ್ದು ನನ್ನ ಬಾಯಿಗೆ. ಶುಕ್ರವಾರ ತಲೆನೋವು ಎಂದು ಮಲಗಿದೆ. ಶನಿವಾರ ಸೇತುವೆಯವರೆಗೆ ಒಬ್ಬಳೇ ಹೋಗಿ, ಸಂಜೆ ಕಾಲೇಜು ಮುಚ್ಚುವ ಹೊತ್ತಾಯಿತು ಎಂದು ಖಾತ್ರಿಯಾದ ಮೇಲೆ ತಿರುಗಿ ಬಂದೆ.

ಸೋಮವಾರ ಅವ್ವ ನಸುಕಿಗೇ ಎದ್ದು ಹುಚ್ಚೆಳ್ಳು ಹುರಿದಳು. ತನ್ನ ತಿಥಿಯ ಅಡಿಗೆಯನ್ನು ತಾನೇ ಮಾಡುತ್ತಿದ್ದಾಳೆ ಎಂದು ನನಗೆ ಅನಿಸಿತು, ಬಾಯಿಬಿಟ್ಟು ಅನ್ನಲಿಲ್ಲ. ರೊಟ್ಟಿ ಮೆತ್ತಗಿರಲಿ ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಂದ ಹುಡುಗಿಯರ ಕೈಗೆ ಕೊಟ್ಟು, ನೆರೆಯವಳ ಹಾಗೆಯೇ ನನ್ನ ಭುಜ ತಟ್ಟಿ, ಹೋಗ್ಬಾ ಮಗ ಎಂದಳು. ಆಮೇಲೆ ಬುಟ್ಟಿ ಹೊತ್ತುಕೊಂಡು ತನ್ನ ದಾರಿ ಹಿಡಿದಳು.

ಮಧ್ಯಾಹ್ನ ಊಟದ ಕೋಣೆಯಲ್ಲಿ ನನ್ನನ್ನು ನಡುವಿನ ಮಣೆಯ ಮೇಲೆ ಕೂರಿಸಿ ಮುಂದೆ ಬುತ್ತಿ ಬಿಚ್ಚಿಟ್ಟರು. ತೀರಿಕೊಂಡ ತಾಯಿಯ ಹೆಸರನ್ನು ಮಗಳು ಗಟ್ಟಿಯಾಗಿ ಹೇಳಬೇಕು, ಅವಳು ಮೊದಲ ತುತ್ತು ನುಂಗುವವರೆಗೆ ಉಳಿದವರು ಎದ್ದು ನಿಂತಿರಬೇಕು, ಹಾಗೆ ಅಲ್ಲಿನ ಪದ್ಧತಿ. ಬೇರೆ ಯಾವ ಹೆಸರು ಹೇಳಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾರಕ್ಕ ಎಂದೆ. ಕೇಳಿಸಲಿಲ್ಲ ಎಂದರು. ಮಾರಕ್ಕ ಎಂದು ಮತ್ತೆ ಹೇಳಿದೆ. ಬೆಂಚುಗಳು ಹಿಂದಕ್ಕೆ ಸರಿದವು, ಇನ್ನೂರು ಜನ ಎದ್ದು ನಿಂತರು, ಪ್ರಿನ್ಸಿಪಾಲರು ನಿಂತರು, ಬಡಿಸುವವರು ಸೌಟು ಕೆಳಗಿಟ್ಟು ನಿಂತರು. ಅವ್ವನ ಹೆಸರಿಗೆ ಯಾರಾದರೂ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಹೊತ್ತಿಗೆ ಅವಳು ಹೊಳೆಯ ಈಚೆ ಯಾವುದೋ ಬೀದಿಯ ಬಿಸಿಲಲ್ಲಿ ಕೂಗುತ್ತಾ ನಡೆಯುತ್ತಿದ್ದಳು. ನಾನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಎಷ್ಟು ಅಗಿದರೂ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಅವರು ಅದನ್ನು ದುಃಖ ಎಂದುಕೊಂಡರು, ನಾನು ನುಂಗುವವರೆಗೂ ತಲೆ ಬಗ್ಗಿಸಿಕೊಂಡು ನಿಂತೇ ಇದ್ದರು.